ತಿಥಿ ನೋಡಿ ಹೋಗುವ ಕಾಡು

ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮರ) ಬೋರ್ಡ್‌ವಾಕ್ ನೋಡಿ ಬಂದವರಲ್ಲಿ ಎರಡು ಗುಂಪು. "ಹತ್ತು ನಿಮಿಷದಲ್ಲಿ ಮುಗಿದೇ ಹೋಯ್ತು, ನೀರು ಮತ್ತೆ ಗಿಡ, ಅಷ್ಟೇ" ಅನ್ನುವವರು ಒಂದು ಕಡೆ. ಎರಡು ಗಂಟೆ ನಿಂತು, ಸೊಳ್ಳೆ ಕೈಲಿ ಕಚ್ಚಿಸಿಕೊಂಡು, ಮತ್ತೆ ಯಾವಾಗ ಬರೋಣ ಎಂದು ಕ್ಯಾಲೆಂಡರ್ ತಿರುವುವವರು ಇನ್ನೊಂದು ಕಡೆ. ಇಬ್ಬರೂ ನಡೆದದ್ದು ಅದೇ ಹಲಗೆದಾರಿಯಲ್ಲಿ, ಇಬ್ಬರ ಮಾತೂ ನಿಜ. ಮೊದಲಿನವರು ಭರತದ, ಅಂದರೆ ಸಮುದ್ರದ ನೀರು ಏರಿದ ಹೊತ್ತಿಗೆ ಹೋಗಿದ್ದರು, ಎರಡನೆಯವರು ಅದು ಇಳಿದ ಇಳಿತದ ಹೊತ್ತಿಗೆ.

ಜಾಗ ಇರುವುದು ಹೊನ್ನಾವರ–ಕಾಸರಕೋಡಿನ ಬಳಿ. ಶರಾವತಿ ಸಮುದ್ರ ಸೇರುವ ಮುಂಚೆ ಅಗಲವಾಗಿ ಹರಡಿಕೊಂಡು, ಅಲ್ಲಲ್ಲಿ ಕುದುರುಗಳನ್ನು (ನದಿ ನಡುವಿನ ನಡುಗಡ್ಡೆ) ಬಿಟ್ಟು, ಸಣ್ಣ ಸಣ್ಣ ಉಪ್ಪುನೀರಿನ ಹಳ್ಳಗಳಾಗಿ ದಡದೊಳಕ್ಕೆ ನುಗ್ಗುತ್ತದೆ. ಅಂಥ ಹಿನ್ನೀರಿನ ಅಂಚಿನ ಕಾಂಡ್ಲಾ ಕಾಡಿನೊಳಗೆ ಅರಣ್ಯ ಇಲಾಖೆ ನೆಲದಿಂದ ಎತ್ತರದಲ್ಲಿ ಒಂದು ಕಾಲುದಾರಿ ಕಟ್ಟಿದೆ. ಒಂದು ಕಡೆ ರಾಷ್ಟ್ರೀಯ ಹೆದ್ದಾರಿ 66ರ ಸೇತುವೆ, ಇನ್ನೊಂದು ಕಡೆ ಎರಡು ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲ್ವೆಯ ಸೇತುವೆ. ಲಾರಿಯ ಹಾರ್ನ್ ಕೇಳುವಷ್ಟು ಹತ್ತಿರದಲ್ಲಿ ಇಷ್ಟು ನಿಶ್ಶಬ್ದದ ಜಾಗ ಇರಬಹುದು ಎಂದು ಮುರ್ಡೇಶ್ವರದಿಂದ ಗೋಕರ್ಣಕ್ಕೆ ಓಡುವ ಟೆಂಪೋ ಟ್ರಾವೆಲರ್‌ಗಳಿಗೆ ಗೊತ್ತಾಗುವುದಿಲ್ಲ. ಗೊತ್ತಾದವರೂ ಕಾಸರಕೋಡಿನ ಬ್ಲೂ ಫ್ಲ್ಯಾಗ್ ಬೀಚಿಗೆ ಹೋಗುವ ದಾರಿಯಲ್ಲಿ ಮಧ್ಯಾಹ್ನ ಊಟಕ್ಕೆ ಮುಂಚೆ ಒಂದು ಸುತ್ತು ಹೊಡೆಯುತ್ತಾರೆ. ಅಲ್ಲೇ ಕೆಡುವುದು.

ಯಾಕೆ ಕೆಡುತ್ತದೆ ಅಂದರೆ, ಈ ಕಾಡಿಗೆ ಬಾಗಿಲು ತೆಗೆಯುವುದು ಚಂದ್ರ. ಭರತದಲ್ಲಿ ಬೇರುಗಳ ಕುತ್ತಿಗೆವರೆಗೂ ನೀರು ನಿಂತಿರುತ್ತದೆ. ಏಡಿಗಳೆಲ್ಲ ಬಿಲದೊಳಗೆ, ಗೊರವ ಹಕ್ಕಿಗಳು ಬೇರೆಲ್ಲೋ ಒಣ ದಿಬ್ಬದ ಮೇಲೆ. ಕಾಣುವುದು ಹಸಿರು ಎಲೆ ಮತ್ತು ಕಂದು ನೀರು. ಇಳಿತದಲ್ಲಿ ಅದೇ ಜಾಗ ಕೆಸರಿನ ಬಯಲಾಗುತ್ತದೆ, ಆ ಕೆಸರೇ ಇಲ್ಲಿ ನೋಡಬೇಕಾದ್ದು.

ಹಾಗಾಗಿ ಲೆಕ್ಕ. ಮೀನುಗಾರರ ಮನೆಗಳಲ್ಲಿ ಇದು ಬಾಯಿಪಾಠ, ಘಟ್ಟದ ಮೇಲಿನವರಿಗೆ ಒಂದೆರಡು ಸಲ ಮಾಡಿದರೆ ಬರುತ್ತದೆ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಹುಣ್ಣಿಮೆ ಮತ್ತು ಅಮಾವಾಸ್ಯೆಯಂದು ಭರತ ಹೆಚ್ಚುಕಮ್ಮಿ ಹಗಲು ಹನ್ನೊಂದು–ಹನ್ನೆರಡರ ನಡುವೆ ಮತ್ತು ರಾತ್ರಿ ಅದೇ ಹೊತ್ತಿಗೆ. ಇಳಿತ ಬೆಳಗಿನ ಐದರ ಆಸುಪಾಸು ಮತ್ತು ಸಂಜೆ ಐದರ ಆಸುಪಾಸು. ಮುಂದಿನ ಪ್ರತಿ ತಿಥಿಗೆ ಸುಮಾರು 50 ನಿಮಿಷ ಸೇರಿಸುತ್ತ ಹೋಗಿ. ಬಿದಿಗೆಗೆ ಬೆಳಗಿನ ಇಳಿತ ಆರೂವರೆ–ಏಳಕ್ಕೆ, ಪಂಚಮಿಗೆ ಒಂಬತ್ತರ ಹೊತ್ತಿಗೆ ಬರುತ್ತದೆ. ಅಷ್ಟಮಿಗೆ ನಡುಹಗಲಿನ ಹತ್ತಿರ, ದ್ವಾದಶಿಗೆ ಮಧ್ಯಾಹ್ನ ಮೂರರ ಆಚೀಚೆ. ನಿಜವಾದ ಸಮುದ್ರ ಇಷ್ಟು ಶಿಸ್ತಿನದ್ದಲ್ಲ: ಹುಣ್ಣಿಮೆ–ಅಮಾವಾಸ್ಯೆ ಹತ್ತಿರ ದಿನದಿಂದ ದಿನಕ್ಕೆ ಜಾರುವುದು 50 ನಿಮಿಷಕ್ಕಿಂತ ಕಡಿಮೆ, ಅಷ್ಟಮಿಯ ಹತ್ತಿರ ಒಂದು ಗಂಟೆಗೂ ಜಾಸ್ತಿ. ನದಿ ಸಮುದ್ರ ಸೇರುವ ಅಳಿವೆಯ ಬಾಯಿಯಿಂದ ಒಳಗಿನ ಹಳ್ಳದವರೆಗೆ ನೀರು ಬಂದು ಹೋಗುವುದಕ್ಕೆ ಇನ್ನಷ್ಟು ಹೊತ್ತು ಬೇಕು. ಮುಕ್ಕಾಲು ಗಂಟೆಯ ಸಡಿಲು ಇಟ್ಟುಕೊಂಡರೆ ಮೋಸವಾಗುವುದಿಲ್ಲ.

ಇದರಿಂದ ಸಿಗುವ ಸೂತ್ರ ಸರಳ. ಸಂಜೆ ಹೋಗುವವರು ದ್ವಾದಶಿಯಿಂದ ಹುಣ್ಣಿಮೆ ಅಥವಾ ಅಮಾವಾಸ್ಯೆಯವರೆಗಿನ ದಿನ ಆರಿಸಿಕೊಳ್ಳಿ, ಬೆಳಿಗ್ಗೆ ಹೋಗುವವರು ಬಿದಿಗೆಯಿಂದ ಪಂಚಮಿಯವರೆಗೆ. ಷಷ್ಠಿಯಿಂದ ದಶಮಿವರೆಗಿನ ದಿನಗಳಲ್ಲಿ ಬೇರೆ ಎಲ್ಲಾದರೂ ಹೋಗಿ. ಆ ದಿನಗಳಲ್ಲಿ ಇಳಿತ ನೆತ್ತಿ ಸುಡುವ ಹೊತ್ತಿಗೆ ಬೀಳುತ್ತದೆ, ಜೊತೆಗೆ ಏರಿಳಿತವೇ ಕಡಿಮೆ, ಕೆಸರು ಅರ್ಧಂಬರ್ಧ ತೆರೆದುಕೊಳ್ಳುತ್ತದೆ. ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುವುದು ಹುಣ್ಣಿಮೆಯಂದೇ ಅಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಅದು ಒಂದೆರಡು ದಿನ ತಡವಾಗಿ, ಪಾಡ್ಯ–ಬಿದಿಗೆಯ ಹೊತ್ತಿಗೆ ಬರುತ್ತದೆ. ಅದಕ್ಕೇ ಬಿದಿಗೆಯ ಬೆಳಗು ಇಲ್ಲಿ ವಿಶೇಷ.

ಪಂಚಾಂಗದ ಮೇಲೆ ನಂಬಿಕೆ ಇಲ್ಲದವರಿಗೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಬ್ಬರವಿಳಿತದ ಮುನ್ಸೂಚನೆಯನ್ನು ಪುಕ್ಕಟೆ ಕೊಡುತ್ತದೆ. ಕಾರವಾರದ ಅಂಕಿ ತೆಗೆದುಕೊಂಡರೆ ಹೊನ್ನಾವರಕ್ಕೂ ಸಾಕು. ಒಂದು ಎಚ್ಚರ: ಒಂದೇ ದಿನದ ಎರಡು ಇಳಿತಗಳು ಸಮನಾಗಿರುವುದಿಲ್ಲ. ಒಂದು ಚೆನ್ನಾಗಿ ಇಳಿದರೆ ಇನ್ನೊಂದು ಕಾಟಾಚಾರಕ್ಕೆ ಇಳಿಯುತ್ತದೆ. ಸಮಯದ ಪಕ್ಕದಲ್ಲಿರುವ ಎತ್ತರದ ಅಂಕಿಯನ್ನೂ ನೋಡಿ, ಚಿಕ್ಕ ಅಂಕಿಯ ಇಳಿತ ಹಿಡಿಯಿರಿ. ನಮ್ಮ ಕರಾವಳಿಯಲ್ಲಿ ನೀರು ಏರಿಳಿಯುವುದು ದೊಡ್ಡ ದಿನಗಳಲ್ಲೂ ಸುಮಾರು ಎರಡು ಮೀಟರ್ ಅಷ್ಟೇ. ಮುಂಬೈಯಲ್ಲಿ ಅದರ ಎರಡು ಪಟ್ಟು, ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರ್ ದಾಟುತ್ತದೆ. ನಮ್ಮಲ್ಲಿ ಒಂದಡಿ ವ್ಯತ್ಯಾಸವಾದರೂ ಎಷ್ಟೋ ಮಾರು ಕೆಸರು ಮುಚ್ಚಿಹೋಗುತ್ತದೆ, ಹಾಗಾಗಿ ಈ ಅಂಕಿಗೆ ಬೆಲೆ ಜಾಸ್ತಿ.

ಗೇಟು ತೆಗೆಯುವ, ಮುಚ್ಚುವ ಹೊತ್ತನ್ನು ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಬೆಳಗಿನ ಇಳಿತಕ್ಕೆ ಹೋಗುವವರಿಗಂತೂ ಇದು ಮುಖ್ಯ. ಇಳಿತಕ್ಕೆ ಒಂದೂವರೆ ಗಂಟೆ ಮುಂಚೆ ತಲುಪಿ, ನೀರು ತಿರುಗಿದ ಮೇಲೆ ಅರ್ಧ ಗಂಟೆ ನಿಂತು ಹೊರಡುವುದು ಒಳ್ಳೆಯ ಅಳತೆ.

ಹೋದ ಕೂಡಲೇ ಎಲ್ಲರೂ ಮಾಡುವುದು ತುದಿಯವರೆಗೆ ನಡೆದು, ಫೋಟೋ ತೆಗೆಸಿಕೊಂಡು, ವಾಪಸ್ಸು ಬರುವುದು. ದಾರಿ ಸಣ್ಣದು, ಅದನ್ನು ನಡೆದು ಮುಗಿಸುವುದರಲ್ಲಿ ಏನೂ ಇಲ್ಲ. ಅದರ ಬದಲು ಹಲಗೆಯ ಕೆಳಗೆ ಕೆಸರು ಕಾಣುವ, ಪಕ್ಕದಲ್ಲಿ ಸಣ್ಣ ಹಳ್ಳ ಹರಿಯುವ ಒಂದು ತಿರುವು ಆರಿಸಿ ಅಲ್ಲೇ ಕೂತುಬಿಡಿ. ಮೊದಲ ಐದು ನಿಮಿಷ ಏನೂ ಕಾಣುವುದಿಲ್ಲ. ನಿಮ್ಮ ಹೆಜ್ಜೆಯ ಅದುರು ಹಲಗೆಯಿಂದ ಕಂಬಕ್ಕೆ, ಕಂಬದಿಂದ ಕೆಸರಿಗೆ ಇಳಿದು ಎಲ್ಲ ಏಡಿಗಳೂ ಒಳಗೆ ಹೋಗಿರುತ್ತವೆ. ಅದಕ್ಕೇ ಕಾಲೆಳೆಯದೆ, ಹಿಮ್ಮಡಿ ಕುಟ್ಟದೆ ನಡೆಯಬೇಕು. ಹಿಂದೆ ಒಬ್ಬ ಧಡಧಡ ಓಡಿ ಬಂದರೆ ನಿಮ್ಮ ಐದು ನಿಮಿಷ ಮತ್ತೆ ಮೊದಲಿನಿಂದ ಶುರು. ಇನ್ನೊಂದು ತಪ್ಪು ನೆರಳಿನದು. ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ಫೋಟೋಕ್ಕೆ ಬೆಳಕು ಚೆನ್ನ, ಆದರೆ ನಿಮ್ಮ ನೆರಳು ಉದ್ದಕ್ಕೆ ಕೆಸರಿನ ಮೇಲೆ ಬೀಳುತ್ತದೆ. ಮೇಲಿಂದ ಏನೋ ಬಂತು ಅಂದರೆ ಏಡಿಗೆ ಅದು ಹಕ್ಕಿಯೇ. ಸೂರ್ಯ ಒಂದು ಪಕ್ಕಕ್ಕೆ ಇರುವ ಹಾಗೆ ಕೂತರೆ ಎರಡೂ ನಡೆಯುತ್ತದೆ.

ಕೂತ ಮೇಲೆ ಒಂದೊಂದಾಗಿ ಮೇಲೆ ಬರುತ್ತವೆ. ಮೊದಲು ಬಿಲದ ಬಾಯಲ್ಲಿ ಎರಡು ಕಡ್ಡಿಯ ಹಾಗೆ ನಿಂತ ಕಣ್ಣು. ಆಮೇಲೆ ಅರ್ಧ ಮೈ. ಆಮೇಲೆ ಪೂರ್ತಿ. ಒಂದು ಕೈ ಮೈಯಷ್ಟೇ ದೊಡ್ಡದಾಗಿದ್ದರೆ ಗಂಡು, ಎರಡೂ ಚಿಕ್ಕದಾಗಿದ್ದರೆ ಹೆಣ್ಣು. ಪಿಟೀಲು ಏಡಿ ಎಂಬ ಹೆಸರು ಬಂದಿರುವುದು ಗಂಡಿನ ಕೈಯಿಂದ. ಚಿಕ್ಕ ಕೈ ಅದರ ದೊಡ್ಡ ಕೈಯ ಮುಂದೆ ಹೋಗಿ ಬಂದು ಮಾಡುವಾಗ ಕಮಾನು ಎಳೆದ ಹಾಗೇ ಕಾಣುತ್ತದೆ. ಅದು ಮಾಡುತ್ತಿರುವುದು ಊಟ. ಕೆಸರಿನ ಮೇಲ್ಪದರವನ್ನು ಚಿಟಿಕೆಯಷ್ಟು ತೆಗೆದು ಬಾಯಿಗೆ ಇಟ್ಟು, ಅದರಲ್ಲಿರುವ ಪಾಚಿ ಮತ್ತು ಕೊಳೆತ ಎಲೆಯ ಪುಡಿಯನ್ನು ಬಾಯಿಯ ಕುಂಚಗಳಿಂದ ಬೇರೆ ಮಾಡಿ, ಉಳಿದದ್ದನ್ನು ಗೋಲಿ ಮಾಡಿ ಕೆಳಗೆ ಬಿಡುತ್ತದೆ. ಬಿಲದ ಸುತ್ತ ಸಾಸಿವೆಗಿಂತ ದೊಡ್ಡ, ಕಡಲೆಗಿಂತ ಚಿಕ್ಕ ಉಂಡೆಗಳು ಚೆಲ್ಲಿದ್ದರೆ ಅದು ಈ ಊಟದ ಲೆಕ್ಕ. ಬಿಲ ತೋಡಿದ ಮಣ್ಣಿನ ಉಂಡೆ ಬೇರೆ, ಅದು ದಪ್ಪ ಮತ್ತು ಒರಟು. ಹೆಣ್ಣು ಎರಡು ಕೈಯಿಂದಲೂ ತಿನ್ನುತ್ತದೆ. ಗಂಡಿಗೆ ತಿನ್ನುವುದಕ್ಕೆ ಇರುವುದು ಒಂದೇ ಕೈ, ಅಷ್ಟೇ ಹೊಟ್ಟೆ ತುಂಬಬೇಕಾದರೆ ಅದು ಇನ್ನೂ ಹೆಚ್ಚು ಹೊತ್ತು ಅಥವಾ ಇನ್ನೂ ಬೇಗ ಬೇಗ ತಿನ್ನಬೇಕು. ದೊಡ್ಡ ಕೈ ಬೀಸಿ ಹೆಣ್ಣನ್ನು ಕರೆಯುವುದಕ್ಕೆ, ಪಕ್ಕದ ಗಂಡನ್ನು ಹೆದರಿಸುವುದಕ್ಕೆ. ಜಗಳದಲ್ಲಿ ಆ ಕೈ ಹೋದರೆ ಅದೇ ಕಡೆ ಮತ್ತೆ ಬೆಳೆಯುತ್ತದೆ. ಕೆಲವು ಜಾತಿಗಳಲ್ಲಿ ಹೊಸ ಕೈ ನೋಡುವುದಕ್ಕೆ ಅಷ್ಟೇ ಉದ್ದ, ಆದರೆ ಹಗುರ, ಹಿಡಿತದಲ್ಲಿ ಬಲವಿಲ್ಲ. ಎದುರಾಳಿಗೆ ನೋಡಿದರೆ ಅದು ತಿಳಿಯುವುದಿಲ್ಲ, ಬೀಸಿದರೆ ಸಾಕು ಎಷ್ಟೋ ಸಲ ಕೆಲಸ ಆಗಿಬಿಡುತ್ತದೆ. ಮನುಷ್ಯರಲ್ಲೂ ಇಂಥವರನ್ನು ನೋಡಿದ್ದೇವೆ, ಇರಲಿ.

ನೀರಿನ ಅಂಚಿನಲ್ಲಿ ಜಿಗಿಯುವ ಬೆರಳುದ್ದದ ಮೀನುಗಳು ಮಡ್‌ಸ್ಕಿಪ್ಪರ್. ಕಿವಿರಿನ ಚೀಲದಲ್ಲಿ ನೀರು ತುಂಬಿಕೊಂಡು, ಒದ್ದೆ ಚರ್ಮದಿಂದ ಮತ್ತು ಬಾಯಿಯ ಒಳಗೋಡೆಯಿಂದಲೂ ಉಸಿರಾಡುತ್ತ ಗಂಟೆಗಟ್ಟಲೆ ಹೊರಗೇ ಇರುತ್ತವೆ. ಆಗಾಗ ಒಂದು ಪಕ್ಕಕ್ಕೆ ಹೊರಳುವುದು, ಗುಂಡಿಯ ಕಣ್ಣನ್ನು ಒಳಗೆಳೆದು ಮತ್ತೆ ಹೊರಗೆ ಬಿಡುವುದು, ಎಲ್ಲ ಮೈ ಕಣ್ಣು ಒದ್ದೆ ಇಟ್ಟುಕೊಳ್ಳುವ ಉಪಾಯ. ಇದನ್ನೆಲ್ಲ ನೋಡುತ್ತ ಇದ್ದಾಗ ಕೆಸರಿನಿಂದ ಟಕ್, ಟಕ್ ಎಂದು ಬೆರಳು ಚಿಟಿಕೆ ಹೊಡೆದಂಥ ಸದ್ದು ಕೇಳುತ್ತದೆ. ಅದು ಚಿಟಿಕೆ ಸಿಗಡಿ. ಒಂದು ಕೊಂಡಿಯನ್ನು ಅಷ್ಟು ವೇಗವಾಗಿ ಮುಚ್ಚುತ್ತದೆ ಅಂದರೆ ನೀರಿನಲ್ಲಿ ಗುಳ್ಳೆ ಹುಟ್ಟಿ ಒಡೆಯುತ್ತದೆ, ನಮಗೆ ಕೇಳುವುದು ಆ ಗುಳ್ಳೆ ಒಡೆದ ಸದ್ದು. ಸಿಗಡಿಯನ್ನು ಮಾತ್ರ ನೋಡುವುದು ಕಷ್ಟ.

ಇನ್ನು ಮರಗಳು. "ಕಾಂಡ್ಲಾ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ, ಆದರೆ ನಾಲ್ಕನ್ನಾದರೂ ಬೇರೆ ಬೇರೆ ಗುರುತಿಸಬೇಕು, ಅದರಲ್ಲಿ ಒಂದಂತೂ ನಿಮ್ಮ ಕಣ್ಣಿನ ಹಿತಕ್ಕೆ. ಜೇಡನ ಕಾಲಿನ ಹಾಗೆ ಕಾಂಡದಿಂದ ಬಾಗಿ ಇಳಿದ ಬೇರು ಇದ್ದರೆ ರೈಜೋಫೊರಾ, ನಿಜವಾದ ಕಾಂಡ್ಲಾ. ಎಲೆಯ ತುದಿಯಲ್ಲಿ ಒಂದು ಸಣ್ಣ ಮುಳ್ಳು, ಎಲೆಯ ಅಡಿಯಲ್ಲಿ ಕಪ್ಪು ಚುಕ್ಕಿ. ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ನೂರಾರು ಉಸಿರುಬೇರು ಎದ್ದಿದ್ದರೆ ಅವಿಸೀನಿಯಾ. ಅದರ ಎಲೆಯ ಅಡಿಭಾಗ ಬೂದು ಬಿಳಿ. ಉಸಿರುಬೇರು ಪೆನ್ಸಿಲಿಗಿಂತ ದಪ್ಪ, ಗಜ್ಜರಿಯ ಹಾಗೆ ಬುಡ ಅಗಲವಾಗಿದ್ದರೆ ಸೊನರೇಷಿಯಾ. ಅದರ ಕಾಯಿಗೆ ಕೆಳಗೆ ನಕ್ಷತ್ರದ ಆಕಾರದ ತೊಟ್ಟು ಇರುತ್ತದೆ. ನಾಲ್ಕನೆಯದು ಎಕ್ಸೊಕೇರಿಯಾ. ಮೊದಲ ಮೂರರಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ, ಇದರಲ್ಲಿ ಒಂದಾದ ಮೇಲೊಂದು. ಉದುರುವ ಮುಂಚೆ ಕೆಂಪಾಗುತ್ತವೆ. ಮುರಿದರೆ ಬಿಳಿ ಹಾಲು. ಆ ಹಾಲು ಕಣ್ಣಿಗೆ ಬಿದ್ದರೆ ಕೆಲವು ಹೊತ್ತು ಕುರುಡಾಗುವಷ್ಟು ಉರಿ, ಚರ್ಮಕ್ಕೆ ತಾಗಿದರೆ ಬೊಬ್ಬೆ. ಬಿದ್ದರೆ ಉಜ್ಜಬೇಡಿ, ಶುದ್ಧ ನೀರಿನಲ್ಲಿ ಕಾಲು ಗಂಟೆ ತೊಳೆಯುತ್ತಲೇ ಇದ್ದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಈ ಎಚ್ಚರಿಕೆ ಯಾಕೆಂದರೆ, ಕಾಂಡ್ಲಾ ಕಾಡಿನಲ್ಲಿ ಎಲೆ ನೆಕ್ಕಿ ನೋಡಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನೆಕ್ಕಬೇಕಾದ್ದು ಅವಿಸೀನಿಯಾ ಎಲೆಯನ್ನು ಮಾತ್ರ, ಅದೂ ಕೀಳದೆ. ಮಳೆ ನಿಂತು ಒಂದೆರಡು ತಿಂಗಳಾದ ಮೇಲೆ ಬಿಸಿಲಿಗೆ ಹಿಡಿದು ನೋಡಿದರೆ ಎಲೆಯ ಮೇಲೆ ಸಣ್ಣ ಹರಳು ಮಿನುಗುತ್ತವೆ. ಬೇರಿನಿಂದ ಒಳಗೆ ಬಂದ ಉಪ್ಪನ್ನು ಎಲೆಯ ಗ್ರಂಥಿಗಳು ಹೊರಗೆ ಹಾಕಿದ್ದು ಅದು. ರೈಜೋಫೊರಾ ಈ ಗೋಜಿಗೆ ಹೋಗುವುದಿಲ್ಲ. ಉಪ್ಪಿನ ಬಹುಪಾಲನ್ನು ಬೇರಿನ ಬಾಗಿಲಲ್ಲೇ ಸೋಸಿ ತಡೆಯುತ್ತದೆ, ಅದರ ಎಲೆ ನೆಕ್ಕಿದರೆ ಎಲೆಯ ರುಚಿಯೇ.

ರೈಜೋಫೊರಾದ ಕೊಂಬೆಯಿಂದ ತೂಗುವ ಹಸಿರು ಕೋಲುಗಳನ್ನು ಪ್ರವಾಸಿಗರು ನುಗ್ಗೆಕಾಯಿ ಅನ್ನುತ್ತಾರೆ. ಅವು ಮೊಳಕೆ. ಬೀಜ ತಾಯಿಮರದಲ್ಲೇ ಮೊಳೆತು, ಹಣ್ಣನ್ನು ಸೀಳಿ, ಕೆಲವು ಜಾತಿಗಳಲ್ಲಿ ಅರ್ಧ ಮೀಟರಿಗೂ ಉದ್ದ ಬೆಳೆದು, ಮಳೆಗಾಲದ ಆಸುಪಾಸು ಉದುರುತ್ತದೆ. ಈಟಿಯ ಹಾಗೆ ನೇರ ಬಿದ್ದು ಕೆಸರಿಗೆ ನಾಟಿಕೊಳ್ಳುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಕೆಲವು ಹಾಗೆ ನಾಟಿಕೊಳ್ಳುತ್ತವೆ, ನಿಜ. ಎಷ್ಟೋ ಮೊಳಕೆಗಳು ನೀರಿಗೆ ಬಿದ್ದು ಮಲಗಿಕೊಂಡೇ ತೇಲುತ್ತ ಹೋಗಿ, ನೀರು ಹೀರಿ ಬುಡ ಭಾರವಾದ ಮೇಲೆ ನೆಟ್ಟಗೆ ನಿಂತು, ತಳ ತಾಗಿದ ಕಡೆ ಬೇರು ಬಿಡುತ್ತವೆ. ಹಾದಿಯಲ್ಲಿ ಬಿದ್ದದ್ದನ್ನು ನೆನಪಿಗೆಂದು ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿಗೆ ತರುವವರಿದ್ದಾರೆ. ದಯವಿಟ್ಟು ನೀರಿಗೆ ಬಿಡಿ.

ಕೆಸರು ತೆರೆದಾಗ ಬರುವ ವಾಸನೆಯ ಬಗ್ಗೆ ಎರಡು ಮಾತು. ಕೊಳೆತ ಮೊಟ್ಟೆಯ ವಾಸನೆ ಅದು, ಮೂಗು ಮುಚ್ಚಿಕೊಂಡು "ಎಲ್ಲೋ ಚರಂಡಿ ಬಿಟ್ಟಿದ್ದಾರೆ" ಅನ್ನುವವರೇ ಹೆಚ್ಚು. ಇಲ್ಲಿನ ಕೆಸರಿಗೆ ಮೇಲಿನ ತೆಳು ಪದರದಲ್ಲಿ ಮಾತ್ರ ಗಾಳಿ ಸಿಗುತ್ತದೆ. ಬೆರಳು ಗೀಟು ಎಳೆದರೆ ಕೆಳಗೆ ಕಪ್ಪು. ಆ ಕಪ್ಪಿನಲ್ಲಿ ಆಮ್ಲಜನಕವಿಲ್ಲ, ಸಮುದ್ರದ ನೀರಿನ ಸಲ್ಫೇಟ್ ಬಳಸಿ ಬದುಕುವ ಬ್ಯಾಕ್ಟೀರಿಯಾ ಎಲೆ ಕೊಳೆಸುತ್ತವೆ, ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಉಸಿರುಬೇರು ಮೇಲಕ್ಕೆ ಎದ್ದಿರುವುದು, ಏಡಿಯ ಬಿಲ ಮರಕ್ಕೆ ಬೇಕಾಗಿರುವುದು, ಎರಡೂ ಇದೇ ಕಾರಣಕ್ಕೆ: ಬಿಲದ ಮೂಲಕ ಗಾಳಿ ಮತ್ತು ಹೊಸ ನೀರು ಒಳಗೆ ಇಳಿಯುತ್ತದೆ. ಹಲಗೆದಾರಿ ಯಾಕೆ ಬೇಕು ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ನಾಲ್ಕು ಜನ ನಡೆದರೆ ಉಸಿರುಬೇರು ಮುರಿದು, ಬಿಲ ಕುಸಿದು, ಕೆಸರು ಗಟ್ಟಿಯಾಗುತ್ತದೆ. ಆ ಗುರುತು ಒಂದು ಭರತಕ್ಕೆ ಅಳಿಸುವುದಿಲ್ಲ.

ಅದಕ್ಕೂ ಮೀರಿ ಯಾರಾದರೂ ಹಲಗೆಯಿಂದ ಇಳಿದು ತೊಡೆಯವರೆಗೆ ಹೂತುಕೊಂಡರೆ, ಮೊದಲು ಕಾಲು ಜಗ್ಗುವುದು ನಿಲ್ಲಿಸಬೇಕು. ಒಂದು ಕಾಲು ಎಳೆದರೆ ಇನ್ನೊಂದು ಇಳಿಯುತ್ತದೆ. ಹಿಂದಕ್ಕೆ ಒರಗಿ ಭಾರ ಹಂಚಿ, ಪಾದವನ್ನು ನಿಧಾನಕ್ಕೆ ಅಲುಗಾಡಿಸಿ ಸುತ್ತ ನೀರು ಇಳಿಯಲು ಬಿಟ್ಟು ಒಂದೊಂದಾಗಿ ಬಿಡಿಸಬೇಕು. ಚಪ್ಪಲಿಯ ಆಸೆ ಬಿಡಬೇಕು. ಬೇರಿಗೆ ಅಂಟಿದ ಸಿಂಪಿಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಆ ಗಾಯ ಚಿಕ್ಕದೆಂದು ಬಿಡದೆ ಶುದ್ಧ ನೀರು, ಸೋಪಿನಿಂದ ತೊಳೆದು ಅದೇ ದಿನ ತೋರಿಸಿ.

ಹಕ್ಕಿ ನೋಡುವವರಿಗೆ ನವೆಂಬರಿನಿಂದ ಫೆಬ್ರವರಿವರೆಗೆ ಸುಗ್ಗಿ. ಇಳಿಯುವ ನೀರಿನ ಅಂಚನ್ನೇ ಹಿಂಬಾಲಿಸುತ್ತ ಬಾಲ ಕುಣಿಸುವ ಗೊರವ, ಕಲ್ಲಿನ ಹಾಗೆ ಕದಲದೆ ಬೇರಿನ ಮೇಲೆ ಕೂತ ಹಸಿರು ಬಕ, ಮೇಲೆ ಗರುಡ, ಚಳಿಗಾಲದಲ್ಲಿ ಮೀನು ಹಿಡಿಯುವ ಗಿಡುಗ ಆಸ್ಪ್ರೇ. ಮಿಂಚುಳ್ಳಿಗಳಲ್ಲೇ ಮೂರು ನಾಲ್ಕು ಬಗೆ. ಚಳಿಗಾಲಕ್ಕೆ ಬರುವ ಕರಿತಲೆ ಮಿಂಚುಳ್ಳಿ ಕರಾವಳಿಯ ಇಂಥ ಕಾಡನ್ನೇ ಹುಡುಕಿಕೊಂಡು ಬರುತ್ತದೆ. ದುರ್ಬೀನು 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು) ಇದ್ದರೆ ಸಾಕು, 10 ಪಟ್ಟಿನದ್ದು ಹಲಗೆಯ ಅದುರಿಗೆ ನಡುಗುತ್ತದೆ. ಪೋಲರೈಸ್ಡ್ ಕನ್ನಡಕ ಹಾಕಿಕೊಂಡರೆ ನೀರಿನ ಹೊಳಪು ಹೋಗಿ ಒಳಗಿನ ಏಡಿ, ಮೀನು ಕಾಣುತ್ತವೆ. ಇದಕ್ಕೆ ಕೊಟ್ಟ ದುಡ್ಡು ಕ್ಯಾಮೆರಾದ ಲೆನ್ಸಿಗೆ ಕೊಟ್ಟದ್ದಕ್ಕಿಂತ ಸಾರ್ಥಕ. ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ಗಾಜಿನ ಮೇಲೆ ಮಂಜು ಕೂರುತ್ತದೆ. ಅದನ್ನು ಬ್ಯಾಗಿನೊಳಗೇ ಕಾಲು ಗಂಟೆ ಬೆಚ್ಚಗಾಗಲು ಬಿಡಿ. ತುಂಬು ತೋಳಿನ ಮಾಸಲು ಬಣ್ಣದ ಅಂಗಿ, ಸೊಳ್ಳೆಗೆ ಮುಲಾಮು. ಸೊಳ್ಳೆಗಿಂತ ಕೆಟ್ಟದ್ದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ, ಗಾಳಿ ನಿಂತ ಸಂಜೆ ಪಾದದ ಗಂಟಿಗೇ ಮುತ್ತುತ್ತದೆ, ಹಾಗಾಗಿ ಕಾಲುಚೀಲ ಮರೆಯಬೇಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಹಲಗೆ ಸೋಪು ಹಚ್ಚಿದ ಹಾಗೆ ಜಾರುತ್ತದೆ. ವಯಸ್ಸಾದವರನ್ನು ಆಗ ಕರೆದುಕೊಂಡು ಹೋಗುವುದು ಬೇಡ.

ಶರಾವತಿಯದೇ ಒಂದು ವಿಚಿತ್ರ ಇದೆ. ಪಕ್ಕದ ಕುಮಟಾ ತಾಲ್ಲೂಕಿನ ಅಘನಾಶಿನಿಗೆ ಅಣೆಕಟ್ಟು ಇಲ್ಲ. ಮಳೆ ನಿಂತ ಮೇಲೆ ಅದರ ಅಳಿವೆ ತಿಂಗಳು ತಿಂಗಳಿಗೆ ಉಪ್ಪಾಗುತ್ತ ಹೋಗುತ್ತದೆ, ಅದಕ್ಕೇ ಅಲ್ಲಿ ತಿನ್ನುವ ಚಿಪ್ಪುಜೀವಿ ಬಳಚು ಹೇರಳ, ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ. 2024ರಲ್ಲಿ ಅದು ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿತು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು, ಆಮೇಲೆ ಗೇರುಸೊಪ್ಪೆಯ ಕಟ್ಟೆ. ಕರೆಂಟು ಬೇಕಾದಾಗಲೆಲ್ಲ ಬಿಡುವ ನೀರು ಬೇಸಿಗೆಯಲ್ಲೂ ಕೆಳಗೆ ಬರುತ್ತದೆ, ಅಳಿವೆ ವರ್ಷವಿಡೀ ಸಿಹಿಯ ಕಡೆಗೆ ವಾಲಿದೆ. ಹಾಗಾಗಿ ಇಲ್ಲಿ ಸಿಹಿನೀರು ಸಹಿಸುವ ಜಾತಿಯ ಗಿಡಗಳಿಗೆ ಮೇಲುಗೈ, ಬಳಚು ಕಡಿಮೆ. ರಾಜ್ಯದ ಮನೆಗಳಲ್ಲಿ ಸಂಜೆ ಹೊತ್ತಿದ ದೀಪದ ಬೆಲೆಯಲ್ಲಿ ಒಂದು ಭಾಗವನ್ನು ಈ ಕೆಸರು ಕೊಟ್ಟಿದೆ. ಹಲಗೆದಾರಿಯ ಮೇಲೆ ಒಂದು ಫಲಕವಾದರೂ ಈ ಸಂಗತಿಯನ್ನು ದೊಡ್ಡದಾಗಿ ಹೇಳಬೇಕಿತ್ತು. ಒಂದೇ ದಿನದಲ್ಲಿ ಎರಡೂ ಅಳಿವೆ ನೋಡುವವರಿಗೆ ಇಳಿತ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬರುತ್ತದೆ, ಹಾಗಾಗಿ ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಇಟ್ಟುಕೊಳ್ಳಬೇಕಷ್ಟೇ.

ಪರಿಸರ ದಿನದಂದು ಕಾಂಡ್ಲಾ ಸಸಿ ನೆಡುವ ಉತ್ಸಾಹದ ಬಗ್ಗೆಯೂ ಒಂದು ತಕರಾರು. ನೆಡುವುದಕ್ಕೆ ಸುಲಭ ಅಂತ ಎಲ್ಲ ಕಡೆ ರೈಜೋಫೊರಾದ ಕೋಲನ್ನೇ ಚುಚ್ಚುತ್ತಾರೆ. ಹೊರಗಿನ ಬಯಲು ಕೆಸರಿನಲ್ಲಿ ದಿನದ ಬಹುಪಾಲು ಮುಳುಗಿರುವ ಮಟ್ಟಕ್ಕೆ ನೆಟ್ಟರೆ ಬಾರ್ನಕಲ್ ಎಂಬ ಚಿಪ್ಪಿನ ಜೀವಿಗಳು ಅಂಟಿ, ಅಲೆಗೆ ಅಲ್ಲಾಡಿ, ಸಸಿ ಸಾಯುತ್ತದೆ. ಬದುಕಿದರೆ ಇನ್ನೊಂದು ಕಷ್ಟ, ಬಳಚು ಹೆಕ್ಕುವವರ ಮತ್ತು ಗೊರವಗಳು ಮೇಯುವ ಬಯಲು ಮುಚ್ಚಿಹೋಗುತ್ತದೆ. ಖಾಲಿ ಕೆಸರು ಖಾಲಿ ಜಾಗ ಅಲ್ಲ. ಎಷ್ಟೋ ಕಡೆ ನೀರು ಬಂದು ಹೋಗುವ ದಾರಿಯನ್ನು ಬಿಡಿಸಿಕೊಟ್ಟರೆ ಮೊಳಕೆ ತಾನಾಗಿಯೇ ಬಂದು ಕೂರುತ್ತದೆ. ಫೋಟೋಕ್ಕೆ ಅದು ಚೆನ್ನಾಗಿ ಬರುವುದಿಲ್ಲ, ಅಷ್ಟೇ.

ಪ್ಲಾಸ್ಟಿಕ್ ವಿಷಯ ಗೊತ್ತಿರುವುದೇ. ಬೇರಿನ ಬಾಚಣಿಗೆಗೆ ಸಿಕ್ಕಿದ್ದು ಬಿಡುವುದಿಲ್ಲ. ಭರತ ತಂದ ಹಾಲಿನ ಪ್ಯಾಕೆಟ್ಟು ಮುಂದಿನ ಭರತಕ್ಕೂ ಅಲ್ಲೇ.

ಇಳಿತ ಮುಗಿದ ಕ್ಷಣ ತಿಳಿಯಬೇಕಾದರೆ ಹಳ್ಳದ ನಡುವೆ ತೇಲುವ ಒಂದು ಹಳದಿ ಎಲೆಯ ಮೇಲೆ ಕಣ್ಣಿಡಿ. ಅಷ್ಟು ಹೊತ್ತು ಸಮುದ್ರದ ಕಡೆ ಹೋಗುತ್ತಿದ್ದದ್ದು ನಿಧಾನವಾಗಿ, ನಿಂತು, ಒಂದು ಸುತ್ತು ತಿರುಗಿ, ಹೊರಟ ಕಡೆಗೇ ವಾಪಸ್ಸು ಜರುಗುತ್ತದೆ. ಬಸವನಹುಳುಗಳು ಮರದ ಕಾಂಡ ಹತ್ತುವುದಕ್ಕೆ ಶುರು ಮಾಡುತ್ತವೆ. ಸೊನರೇಷಿಯಾ ಹೂವು ಅರಳುವುದು ಕತ್ತಲಾದ ಮೇಲೆ, ಬಾವಲಿಗಳಿಗಾಗಿ; ಸಂಜೆ ಹೋದವರಿಗೆ ಬಿರಿಯುವುದಕ್ಕೆ ಹೊರಟ ಮೊಗ್ಗು ಮಾತ್ರ ಸಿಗುತ್ತದೆ. ಆಗ ಮತ್ತೆ ಕೆಳಗೆ ನೋಡಿ. ನೀರಿನ ಅಂಚು ಒಂದು ಗೇಣು ದೂರ ಇರುವಾಗ ಏಡಿ ತಿನ್ನುವುದು ನಿಲ್ಲಿಸಿ, ಒಂದು ಹಿಡಿ ಕೆಸರು ಕಾಲಿನಡಿ ಒಟ್ಟುಮಾಡಿ ಬಿಲದ ಬಾಯಿಗೆ ತಂದು, ಒಳಗಿಳಿದು ಅದನ್ನು ಮೇಲಿನಿಂದ ಎಳೆದುಕೊಳ್ಳುತ್ತದೆ. ಮುಚ್ಚಳದ ಮೇಲೆ ನೀರು ಬಂದಾಗ ಒಂದೇ ಒಂದು ಗುಳ್ಳೆ ಏಳುತ್ತದೆ.